ಕಾಂಪೋಸ್ಟ್ ಹಾಕುವ ಕಾಫಿ ತೋಟಕ್ಕೆ ಬಯೋಚಾರ್ ಸೇರಿಸಿದರೆ ಸಾರಜನಕಕ್ಕೆ ಏನಾಗುತ್ತದೆ?

ಅಮ್ಮತ್ತಿ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿಯ ಕಡೆ ನಮ್ಮದು ರೊಬಸ್ಟಾ ತೋಟ. ನೆರಳಿನ ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ಕೆಲವು ವರ್ಷಗಳಿಂದ ಯೂರಿಯಾದ ಪ್ರಮಾಣವನ್ನು ಕಡಿಮೆ ಮಾಡುತ್ತಾ ಬಂದು, ಕಾಫಿ ಹಣ್ಣು ಸುಲಿಯುವ ಪಲ್ಪರ್‌ನಿಂದ ಬರುವ ಸಿಪ್ಪೆ, ಕೊಟ್ಟಿಗೆ ಗೊಬ್ಬರ ಮತ್ತು ಹಾಲುವಾಣದ ಸೊಪ್ಪನ್ನು ಸೇರಿಸಿ ಕೊಳೆಸಿದ ಕಾಂಪೋಸ್ಟನ್ನೇ ಮುಖ್ಯ ಗೊಬ್ಬರವನ್ನಾಗಿ ಮಾಡಿಕೊಂಡಿದ್ದೇವೆ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮುಗಿದ ಮೇಲೆ ಉಳಿಯುವ ಸಿಲ್ವರ್ ಮರದ ಕೊಂಬೆಗಳನ್ನು ಒಣಗಿಸಿ, ಹೊಂಡದಲ್ಲಿ ಸುಟ್ಟು, ನೀರು ಹೊಯ್ದು ಆರಿಸಿ ಬಯೋಚಾರ್, ಅಂದರೆ ಮಣ್ಣಿಗೆ ಹಾಕುವ ಇದ್ದಿಲು, ಮಾಡಿದೆವು. ಮೇ ತಿಂಗಳಲ್ಲಿ ತೋಟದ ಒಂದು ಭಾಗದ ಗಿಡಗಳಿಗೆ ಕಾಂಪೋಸ್ಟಿನ ಜೊತೆಗೆ ಇದನ್ನೂ ಹಾಕಿಸಿ, ಪಕ್ಕದ ಭಾಗಕ್ಕೆ ಕಾಂಪೋಸ್ಟ್ ಮಾತ್ರ ಕೊಟ್ಟು ನೋಡಿದೆ.

ಜಡಿಮಳೆಯ ಕಕ್ಕಡ ತಿಂಗಳು ಕಳೆದು ಬಿಸಿಲು ಕಂಡಾಗ, ಇದ್ದಿಲು ಬಿದ್ದ ಭಾಗದ ಎಳೆಯ ಗಿಡಗಳಲ್ಲಿ ಕೆಳಗಿನ ಎಲೆಗಳು ಪಕ್ಕದವುಗಳಿಗಿಂತ ಹೆಚ್ಚು ಬಿಳಿಚಿಕೊಂಡಿದ್ದವು. ತುದಿಯ ಚಿಗುರು ಹಸಿರಾಗಿಯೇ ಇತ್ತು. ಫಸಲು ಕೊಡುವ ದೊಡ್ಡ ಗಿಡಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬಯೋಚಾರ್ ಸಾರಜನಕವನ್ನು ಹಿಡಿದಿಟ್ಟು ಮಳೆಗೆ ಕೊಚ್ಚಿಹೋಗದಂತೆ ಕಾಪಾಡುತ್ತದೆ ಎಂದು ಎಲ್ಲೆಡೆ ಓದುತ್ತೇವೆ; ಹಾಗಿದ್ದರೆ ಗಿಡಕ್ಕೆ ಸಾರಜನಕದ ಕೊರತೆ ಏಕೆ ಕಾಣಿಸಿಕೊಂಡಿತು? ಇದ್ದಿಲು ಹಿಡಿದುಕೊಂಡದ್ದನ್ನು ಗಿಡಕ್ಕೆ ಬಿಟ್ಟುಕೊಡುವುದೇ ಇಲ್ಲವೇ, ಅಥವಾ ಇದು ಮೊದಲ ವರ್ಷದ ಸಮಸ್ಯೆ ಮಾತ್ರವೇ? ನಮ್ಮ ಮಣ್ಣಿನ ರಸಸಾರ (ಪಿಎಚ್; 7ಕ್ಕಿಂತ ಕಡಿಮೆಯಿದ್ದರೆ ಹುಳಿ ಮಣ್ಣು) ಸುಮಾರು 5.3. ತಿಳಿದವರು ವಿವರಿಸಬೇಕೆಂದು ವಿನಂತಿ.

ಪೊನ್ನಂಪೇಟೆ, ಮಣ್ಣುವಿಜ್ಞಾನದ ವಿದ್ಯಾರ್ಥಿ

ಸರ್, ಪಕ್ಕಪಕ್ಕದ ಎರಡು ಭಾಗಗಳನ್ನು ಹೋಲಿಸಿ ನೋಡಿದ್ದೀರಿ, ಕೆಳಗಿನ ಎಲೆ ಮತ್ತು ಚಿಗುರು ಎರಡನ್ನೂ ಗಮನಿಸಿದ್ದೀರಿ. ಅದರಿಂದಲೇ ನಿಮ್ಮ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಿದೆ. ಸಾರಜನಕ ಸಾಲದಾದಾಗ ಗಿಡವು ಹಳೆಯ ಎಲೆಯಿಂದ ಅದನ್ನು ತೆಗೆದು ಹೊಸ ಚಿಗುರಿಗೆ ಕಳುಹಿಸುತ್ತದೆ, ಹೀಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಎಳೆಯ ಗಿಡದ ಬೇರು ಇದ್ದಿಲು ಬಿದ್ದ ಮಣ್ಣಿನೊಳಗೇ ಇರುವುದರಿಂದ ಅದಕ್ಕೆ ಕೊರತೆ ತಟ್ಟಿದೆ. ದೊಡ್ಡ ಗಿಡದ ಬೇರು ಅದರಾಚೆಗೂ ಹರಡಿರುವುದರಿಂದ ಅದು ಪಾರಾಗಿದೆ.

ಕಾಂಪೋಸ್ಟಿನಲ್ಲಿರುವ ಸಾರಜನಕದ ಹೆಚ್ಚಿನ ಪಾಲು ಸಾವಯವ ರೂಪದಲ್ಲಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಡೆದು ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡಿದ ನಂತರವೇ ಅದು ಬೇರಿಗೆ ಸಿಗುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟಿನಿಂದ ಮೊದಲ ವರ್ಷದಲ್ಲಿ ಹೀಗೆ ಬಿಡುಗಡೆಯಾಗುವುದು ಸಾಮಾನ್ಯವಾಗಿ ಒಟ್ಟು ಸಾರಜನಕದ ಶೇ. 10ರಿಂದ 30 ಮಾತ್ರ. ಯೂರಿಯಾ ಹಾಕಿದ ಮಣ್ಣಿನಲ್ಲಿ ಒಮ್ಮೆಗೇ ಬಹಳಷ್ಟು ಅಮೋನಿಯಂ ಇರುತ್ತದೆ, ಇದ್ದಿಲು ಸ್ವಲ್ಪ ಹಿಡಿದುಕೊಂಡರೂ ಗಿಡಕ್ಕೆ ತಿಳಿಯುವುದಿಲ್ಲ. ಕಾಂಪೋಸ್ಟನ್ನೇ ನಂಬಿದ ತೋಟದಲ್ಲಿ ಸಾರಜನಕ ಸಣ್ಣ ಧಾರೆಯಂತೆ ಬರುತ್ತಿರುವುದರಿಂದ ಅದೇ ಸ್ವಲ್ಪವೂ ಗಿಡಕ್ಕೆ ದೊಡ್ಡದಾಗುತ್ತದೆ. ಹೊರದೇಶದ ಪ್ರಯೋಗಗಳ ಫಲಿತಾಂಶವನ್ನು ಓದುವಾಗ ಅವರು ಯಾವ ಗೊಬ್ಬರದ ಜೊತೆ ಬಯೋಚಾರ್ ಕೊಟ್ಟಿದ್ದರು ಎಂಬುದನ್ನು ಮೊದಲು ನೋಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹೊಸ ಇದ್ದಿಲು ಎರಡು ರೀತಿಯಲ್ಲಿ ಸಾರಜನಕವನ್ನು ತಡೆಯುತ್ತದೆ. ಹೊಂಡದಲ್ಲಿ ಸುಟ್ಟಾಗ ಎಲ್ಲ ಕಟ್ಟಿಗೆಯೂ ಒಂದೇ ಸಮನಾಗಿ ಬೇಯುವುದಿಲ್ಲ. ಅರೆಬೆಂದ ಭಾಗದಲ್ಲಿ ಸೂಕ್ಷ್ಮಜೀವಿಗಳು ತಿನ್ನಬಲ್ಲ ಇಂಗಾಲ ಸ್ವಲ್ಪ ಉಳಿದಿರುತ್ತದೆ. ಅದನ್ನು ತಿನ್ನಲು ಅವುಗಳಿಗೆ ಸಾರಜನಕ ಬೇಕು, ಅದನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಮರದ ಬಯೋಚಾರ್‌ನ ಇಂಗಾಲ–ಸಾರಜನಕ ಅನುಪಾತ 200ಕ್ಕೂ ಮೀರಿರಬಹುದು. ಹಸಿ ಮರದ ಹೊಟ್ಟಿನಲ್ಲಿ ಅಷ್ಟು ಅನುಪಾತವಿದ್ದರೆ ಗಿಡ ಬಹುಕಾಲ ಸೊರಗುತ್ತದೆ, ಆದರೆ ಬಯೋಚಾರ್‌ನ ಇಂಗಾಲದಲ್ಲಿ ಬಹುಪಾಲು ಜೀವಿಗಳ ಹಲ್ಲಿಗೆ ಸಿಗದಂಥದ್ದು. ಹಾಗಾಗಿ ಈ ಎಳೆತವು ಸುಲಭದ ಇಂಗಾಲ ತೀರುವವರೆಗೆ ಮಾತ್ರ, ಅಂದರೆ ಕೆಲವು ವಾರ ಅಥವಾ ತಿಂಗಳುಗಳಷ್ಟೇ ಇರುತ್ತದೆ. ಎರಡನೆಯದಾಗಿ, ಇದ್ದಿಲಿನ ಮೇಲ್ಮೈಯಲ್ಲಿರುವ ಋಣ ವಿದ್ಯುದಂಶವು ಅಮೋನಿಯಂ ಅನ್ನು ಹಿಡಿದುಕೊಳ್ಳುತ್ತದೆ.

ಈ ಎರಡನೆಯದರ ಬಗ್ಗೆ ಅತಿಶಯದ ಮಾತುಗಳು ಬಹಳ ಕೇಳಿಬರುತ್ತವೆ, ಆದ್ದರಿಂದ ಒಂದು ಲೆಕ್ಕ ಮಾಡಿ ನೋಡೋಣ. ಒಂದು ಬಯೋಚಾರ್‌ಗೆ ಕೆ.ಜಿ.ಗೆ 30 ಸೆಂಟಿಮೋಲ್ ವಿನಿಮಯ ಸಾಮರ್ಥ್ಯ (ಅಮೋನಿಯಂನಂಥ ಧನ ವಿದ್ಯುದಂಶದ ಕಣಗಳನ್ನು ಹಿಡಿದು ಬಿಡುವ ಶಕ್ತಿ) ಇದೆ ಎಂದುಕೊಳ್ಳಿ; ಮರದ ಹೊಸ ಇದ್ದಿಲಿಗೆ ಇದು ಉದಾರವಾದ ಅಂಕಿಯೇ. ಒಂದು ಟನ್‌ಗೆ 300 ಮೋಲ್ ಆಯಿತು. ಆ ಎಲ್ಲ ಜಾಗವನ್ನೂ ಅಮೋನಿಯಂ ಒಂದೇ ತುಂಬಿದರೆ 300ನ್ನು ಒಂದು ಮೋಲ್ ಸಾರಜನಕದ ತೂಕವಾದ 14 ಗ್ರಾಂನಿಂದ ಗುಣಿಸಿದಾಗ ಸಿಗುವುದು 4.2 ಕೆ.ಜಿ. ಸಾರಜನಕ. ವಾಸ್ತವದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಸಹ ಅದೇ ಜಾಗಕ್ಕೆ ಪೈಪೋಟಿ ನಡೆಸುವುದರಿಂದ ಅದರ ಒಂದು ಸಣ್ಣ ಪಾಲಷ್ಟೇ ಸಾರಜನಕಕ್ಕೆ ದೊರೆಯುತ್ತದೆ. ಒಂದು ಟನ್ ಇದ್ದಿಲು ಒಂದು ಮೂಟೆ ಯೂರಿಯಾದಷ್ಟು ಸಾರಜನಕವನ್ನೂ ಈ ದಾರಿಯಲ್ಲಿ ಹಿಡಿಯಲಾರದು. ಹಿಡಿದದ್ದನ್ನು ಅದು ಬಿಟ್ಟುಕೊಡುತ್ತದೆ, ಆ ವಿಷಯದಲ್ಲಿ ನೀವು ಚಿಂತಿಸಬೇಕಾಗಿಲ್ಲ. ಆದರೆ ಬಯೋಚಾರ್ ಅನ್ನು ಸಾರಜನಕದ ಗೊಬ್ಬರ ಎಂದು ಮಾತ್ರ ಎಣಿಸಬೇಡಿ.

ಇನ್ನು ನೈಟ್ರೇಟ್. ಕೊಡಗಿನಲ್ಲಿ ನಾವು ಕಳೆದುಕೊಳ್ಳುವ ಸಾರಜನಕದಲ್ಲಿ ದೊಡ್ಡ ಪಾಲು ಈ ರೂಪದಲ್ಲಿಯೇ ಹೋಗುತ್ತದೆ. ಜನವರಿ–ಫೆಬ್ರವರಿಯಲ್ಲಿ ಒಣಗಿದ ಮಣ್ಣಿಗೆ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದೊಡನೆ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗಿ ಸಾವಯವ ಸಾರಜನಕವನ್ನು ಒಡೆಯುತ್ತವೆ. ಗಿಡ ಬಳಸಿಕೊಂಡು ಉಳಿದ ನೈಟ್ರೇಟ್ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೀರಿನ ಜೊತೆಗೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ನೈಟ್ರೇಟ್‌ಗೆ ಋಣ ವಿದ್ಯುದಂಶವಿರುವುದರಿಂದ ಹೊಸ ಇದ್ದಿಲು ಅದನ್ನು ಹೆಚ್ಚು ಹಿಡಿಯಲಾರದು. ಅದಲ್ಲದೆ ಇದ್ದಿಲಿನ ಬೂದಿಯಿಂದ ಹುಳಿ ಮಣ್ಣಿನ ರಸಸಾರ ಏರಿದರೆ, ಅಮೋನಿಯಂ ನೈಟ್ರೇಟ್ ಆಗಿ ಬದಲಾಗುವ ಕ್ರಿಯೆ ಇನ್ನೂ ವೇಗವಾಗಬಹುದು. ನಿಮ್ಮ 5.3ರ ಮಣ್ಣಿನಲ್ಲಿ ಮೇ ತಿಂಗಳಲ್ಲಿ ಕಚ್ಚಾ ಇದ್ದಿಲು ಹಾಕುವುದು ಆ ದೃಷ್ಟಿಯಿಂದ ಒಳ್ಳೆಯ ಸಮಯವಲ್ಲ.

ಕಾಂಪೋಸ್ಟಿನೊಳಗೇ ಕಳಿತ ಇದ್ದಿಲಿನ ನಡತೆ ಬೇರೆ. ಕಾಂಪೋಸ್ಟ್ ರಾಶಿಯಲ್ಲಿ ಇಟ್ಟು ತೆಗೆದ ಬಯೋಚಾರ್ ಗಮನಾರ್ಹ ಪ್ರಮಾಣದಲ್ಲಿ ನೈಟ್ರೇಟ್ ಹಿಡಿದಿಟ್ಟುಕೊಂಡದ್ದನ್ನು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದೇ ಪ್ರಯೋಗದಲ್ಲಿ ಕಚ್ಚಾ ಬಯೋಚಾರ್ ಹಾಕಿದ ಕಿನೋವಾ ಎಂಬ ಧಾನ್ಯದ ಗಿಡಗಳ ಬೆಳವಣಿಗೆ ಕುಗ್ಗಿತು, ಕಾಂಪೋಸ್ಟಿನಲ್ಲಿ ಕಳಿತ ಬಯೋಚಾರ್ ಹಾಕಿದವು ಹುಲುಸಾಗಿ ಬೆಳೆದವು. ಇದ್ದಿಲಿನ ರಂಧ್ರಗಳ ಒಳಗೋಡೆಗೆ ಸಾವಯವ ಪದಾರ್ಥದ ತೆಳುವಾದ ಪೊರೆ ಕೂರುತ್ತದೆ ಎಂದೂ, ಪೋಷಕಾಂಶ ಉಳಿಯುವುದಕ್ಕೆ ಆ ಪೊರೆಯೇ ಕಾರಣವೆಂದೂ 2017ರ ಇನ್ನೊಂದು ಅಧ್ಯಯನ ವಿವರಿಸಿತು. ನೀವು ಮಾಡಿದ್ದು ಮತ್ತು ಮಾಡಬೇಕಾದದ್ದು ಇವೆರಡರ ನಡುವಿನ ಅಂತರ ಇಷ್ಟೇ: ಇದ್ದಿಲು ಗಿಡದ ಬುಡಕ್ಕೆ ಹೋಗುವ ಮೊದಲು ರಾಶಿಯೊಳಗೆ ಹೋಗಬೇಕು.

ಮಾದಾಪುರದಿಂದ

ಮೇಲೆ ಹೇಳಿದ್ದನ್ನು ನಮ್ಮ ತೋಟದಲ್ಲಿ ಮಾಡುತ್ತಿರುವುದರಿಂದ ಕೈಗೆ ಬಂದ ಅನುಭವವನ್ನು ಹಂಚಿಕೊಳ್ಳುತ್ತೇನೆ. ನಮ್ಮದು ಅರೇಬಿಕಾ ಆದ್ದರಿಂದ ಡಿಸೆಂಬರ್‌ನಿಂದಲೇ ಪಲ್ಪಿಂಗ್ ಸಿಪ್ಪೆ ರಾಶಿ ಬೀಳುತ್ತದೆ. ಹಸಿ ಸಿಪ್ಪೆಯಲ್ಲಿ ನೀರು ಹೆಚ್ಚು, ಗಾಳಿಯಾಡುವುದು ಕಡಿಮೆ; ಅದನ್ನು ಹಾಗೆಯೇ ಗುಡ್ಡೆ ಹಾಕಿದರೆ ಕೊಳೆತು ನಾರುತ್ತದೆ. ನಾವು ಒಂದು ಪದರ ಸಿಪ್ಪೆ, ಅದರ ಮೇಲೆ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಒದ್ದೆ ಮಾಡಿದ ಇದ್ದಿಲಿನ ಪುಡಿ, ಮತ್ತೆ ಒಣ ಎಲೆ ಎಂದು ಕಟ್ಟುತ್ತಾ ಹೋಗುತ್ತೇವೆ. ಇದ್ದಿಲು ಗಾತ್ರದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟಿರುತ್ತದೆ. ತುಂಡುಗಳು ಕಡಲೆ ಕಾಳಿಗಿಂತ ದೊಡ್ಡದಿರಬಾರದು ಎಂದು ಗೋಣಿಚೀಲದಲ್ಲಿ ಹಾಕಿ, ನೀರು ಚಿಮುಕಿಸಿ ಗುದ್ದಿಸುತ್ತೇವೆ. ಒಣ ಇದ್ದಿಲನ್ನು ಪುಡಿ ಮಾಡಿದರೆ ಆ ದೂಳು ಕೆಲಸದವರ ಎದೆಗೆ ಹೋಗುತ್ತದೆ, ದಯವಿಟ್ಟು ಹಾಗೆ ಮಾಡಿಸಬೇಡಿ.

ಇದ್ದಿಲು ಹಾಕದ ರಾಶಿಯನ್ನು ಮೊದಲ ಸಲ ಮಗುಚುವಾಗ ಬರುವ ಹಬೆಯಲ್ಲಿ ಕಣ್ಣು ಉರಿಸುವಂಥ ಅಮೋನಿಯಾ ವಾಸನೆ ಇರುತ್ತದೆ, ಮುಖ್ಯವಾಗಿ ಕೋಳಿಗೊಬ್ಬರ ಸೇರಿಸಿದ್ದರೆ. ಇದ್ದಿಲು ಹಾಕಿದ ರಾಶಿಯಲ್ಲಿ ಆ ವಾಸನೆ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಮೂರು ನಾಲ್ಕು ತಿಂಗಳು ಕಳೆದ ಮೇಲೆ ಒಂದು ತುಂಡನ್ನು ಎತ್ತಿ ಉಗುರಿನಿಂದ ಸೀಳಿ ನೋಡಿದರೆ ಒಳಗಿನ ಕಪ್ಪು ಮೊದಲಿನಂತೆ ಹೊಳೆಯುವುದಿಲ್ಲ. ಮಾಸಲಾಗಿ, ಸ್ವಲ್ಪ ಕಂದು ಹತ್ತಿ, ನಾರಿನ ಸಂದುಗಳಲ್ಲಿ ಬಿಳಿಯ ಶಿಲೀಂಧ್ರದ ಎಳೆಗಳು ಓಡಾಡಿರುತ್ತವೆ. ಬೆರಳಿಗೆ ಇದ್ದಿಲಿನ ಮಸಿ ಹತ್ತುವುದಿಲ್ಲ, ಮಣ್ಣಿನ ಜಿಡ್ಡು ಹತ್ತುತ್ತದೆ. ಅಲ್ಲಿಯವರೆಗೆ ಕಾದು ಬಳಸಿದ ಇದ್ದಿಲಿನಿಂದ ನಮ್ಮ ನರ್ಸರಿ ಸಸಿಗಳಲ್ಲಿ ನೀವು ಹೇಳಿದ ಬಿಳಿಚು ಕಂಡಿಲ್ಲ.

ಶನಿವಾರಸಂತೆ ಕೃಷಿಕ

ಚರ್ಚೆ ಚೆನ್ನಾಗಿ ನಡೆಯುತ್ತಿದೆ, ಆದರೆ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ ಎಂದು ನನಗನ್ನಿಸುತ್ತದೆ. ಜೈವಿಕ ವಸ್ತುವನ್ನು ಸುಟ್ಟು ಇದ್ದಿಲು ಮಾಡುವಾಗ ಅದರಲ್ಲಿದ್ದ ಸಾರಜನಕದ ಗಣನೀಯ ಭಾಗ ಅನಿಲವಾಗಿ ಹೋಗಿಬಿಡುತ್ತದೆ, ಉಷ್ಣತೆ ಏರಿದಷ್ಟೂ ನಷ್ಟ ಹೆಚ್ಚು. ಉಳಿದದ್ದೂ ಇಂಗಾಲದ ಉಂಗುರಗಳ ನಡುವೆ ಸಿಕ್ಕಿಕೊಂಡು ಬೇರಿಗೆ ಬಹುಮಟ್ಟಿಗೆ ಸಿಗದಂತಾಗುತ್ತದೆ. ಕಾಫಿ ಸಿಪ್ಪೆ, ಹಾಲುವಾಣದ ಸೊಪ್ಪು, ಹಸಿರೆಲೆ ಇವುಗಳನ್ನು ಸುಡುವುದೆಂದರೆ ಗೊಬ್ಬರವನ್ನೇ ಸುಟ್ಟಂತೆ. ಹಾಲುವಾಣ ಬೇರುಗಂಟಿನಲ್ಲಿ ಗಾಳಿಯ ಸಾರಜನಕವನ್ನು ಕೂಡಿಸುವ ಮರ; ಅದರ ಸೊಪ್ಪು ಮಣ್ಣಿಗೇ ಸೇರಬೇಕು. ಇತ್ತೀಚೆಗೆ ಬಯೋಚಾರ್ ಉತ್ಸಾಹದಲ್ಲಿ ಮರಗಸಿಯ ಸೊಪ್ಪುಸದೆ ಎಲ್ಲವನ್ನೂ ಹೊಂಡಕ್ಕೆ ತಳ್ಳುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕೊಳೆಯಲು ವರ್ಷಗಟ್ಟಲೆ ಹಿಡಿಯುವ ದಪ್ಪ ಕೊಂಬೆ, ಒಣಗಿದ ಕಾಂಡ, ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆ ಇಷ್ಟನ್ನು ಮಾತ್ರ ಇದ್ದಿಲು ಮಾಡಿದರೆ ಸಾಕು.

ಇನ್ನೊಂದು ವಿಚಾರ ಖರ್ಚಿನದು. ಪ್ರಯೋಗಗಳಲ್ಲಿ ಹೆಕ್ಟೇರಿಗೆ 10 ಟನ್, 20 ಟನ್ ಬಯೋಚಾರ್ ಬಳಸಿರುತ್ತಾರೆ. ಒಣ ಕಟ್ಟಿಗೆಯ ತೂಕದ ಕಾಲು ಭಾಗದಷ್ಟು ಇದ್ದಿಲು ಬರುತ್ತದೆ ಎಂದುಕೊಂಡರೂ 10 ಟನ್‌ಗೆ 40 ಟನ್ ಕಟ್ಟಿಗೆ ಬೇಕು. ಕೂಲಿಯವರು ಸಿಗದ ಈ ಕಾಲದಲ್ಲಿ ಇದು ಯಾವ ಸಣ್ಣ ಬೆಳೆಗಾರನಿಗೆ ಸಾಧ್ಯ? ನೆರಳಿನ ಮರಗಳನ್ನು ಇದಕ್ಕಾಗಿ ಕಡಿಯುವಂತಾದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಅಮ್ಮತ್ತಿ ಬೆಳೆಗಾರ

ಮೂವರಿಗೂ ಧನ್ಯವಾದಗಳು. ಮಾದಾಪುರದ ವಿವರಣೆಯಿಂದ ಮುಂದಿನ ಕೊಯ್ಲಿಗೆ ಏನು ಮಾಡಬೇಕೆಂಬುದು ಸ್ಪಷ್ಟವಾಯಿತು. ಉಳಿದಿರುವ ಸಂದೇಹಗಳು: ಅಕ್ಕಿ ಗಿರಣಿಯಲ್ಲಿ ಸಿಗುವ ಸುಟ್ಟ ಭತ್ತದ ಹೊಟ್ಟನ್ನು ಇದೇ ರೀತಿ ಬಳಸಬಹುದೇ? ಈ ವರ್ಷ ಸುಣ್ಣ ಹಾಕಬೇಕೆಂದಿದ್ದೇನೆ, ಅದನ್ನೂ ರಾಶಿಗೇ ಸೇರಿಸಿದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆಯೇ? ಮತ್ತು ಸಾರಜನಕ ನಿಜವಾಗಿ ಉಳಿಯುತ್ತಿದೆಯೇ ಎಂದು ತಿಳಿಯಲು ಮಣ್ಣು ಪರೀಕ್ಷೆ ಮಾಡಿಸಿದರೆ ಸಾಕೇ?

ಪೊನ್ನಂಪೇಟೆ, ಮಣ್ಣುವಿಜ್ಞಾನದ ವಿದ್ಯಾರ್ಥಿ

ಮೊದಲು ಶನಿವಾರಸಂತೆಯವರ ಮಾತಿಗೆ: ಸೊಪ್ಪನ್ನು ಸುಡಬಾರದು ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಖರ್ಚಿನ ಲೆಕ್ಕವೂ ಸರಿಯಾದದ್ದೇ, ಆದರೆ ಅದು ಇಡೀ ತೋಟದ ಮಣ್ಣಿಗೆ ನೇರವಾಗಿ ಹಾಕುವವರಿಗೆ ಅನ್ವಯಿಸುತ್ತದೆ. ಇದ್ದಿಲನ್ನು ರಾಶಿಗೆ ಹಾಕುವವರು ಸಾರಜನಕ ಹೆಚ್ಚು ಸೋರುವ ಜಾಗದಲ್ಲಿಯೇ ತಡೆ ಹಾಕುತ್ತಿದ್ದಾರೆ, ಅದಕ್ಕೆ ಕಡಿಮೆ ಇದ್ದಿಲು ಸಾಕು. ಕೋಳಿಗೊಬ್ಬರಕ್ಕೆ ಶೇ. 20ರಷ್ಟು ಪೈನ್ ಮರದ ಬಯೋಚಾರ್ ಬೆರೆಸಿ ಕೊಳೆಸಿದ ಪ್ರಯೋಗವೊಂದರ ಫಲಿತಾಂಶ 2010ರಲ್ಲಿ ಪ್ರಕಟವಾಗಿದೆ. ಹೊರಬರುವ ಗಾಳಿಯಲ್ಲಿ ಅಮೋನಿಯಾ ಶೇ. 64ರವರೆಗೆ, ಒಟ್ಟು ಸಾರಜನಕದ ನಷ್ಟ ಶೇ. 52ರವರೆಗೆ ಕಡಿಮೆಯಾಗಿತ್ತು. ಕೋಳಿಗೊಬ್ಬರ ಸಾರಜನಕ ಬಹಳ ಇರುವ ವಸ್ತುವಾದ್ದರಿಂದ ಕಾಫಿ ಸಿಪ್ಪೆಯ ರಾಶಿಯಲ್ಲಿ ಅಷ್ಟೇ ಲಾಭ ಸಿಗುತ್ತದೆಂದು ಹೇಳಲಾಗದು. ಆದರೂ ಮಾದಾಪುರದಲ್ಲಿ ವಾಸನೆ ತಗ್ಗಿರುವುದಕ್ಕೆ ಕಾರಣ ಇದೇ.

ಸುಣ್ಣವನ್ನು ದಯವಿಟ್ಟು ರಾಶಿಗೆ ಹಾಕಬೇಡಿ. ರಸಸಾರ 7 ಇರುವಾಗ ಅಮೋನಿಯಂ–ಅಮೋನಿಯಾ ಜೋಡಿಯಲ್ಲಿ ಅನಿಲವಾಗಬಲ್ಲ ಅಮೋನಿಯಾ ಶೇ. 1ಕ್ಕಿಂತ ಕಡಿಮೆ, 8ಕ್ಕೆ ಬಂದಾಗ ಸುಮಾರು ಶೇ. 5, 9ಕ್ಕೆ ಏರಿದರೆ ಮೂರನೆಯ ಒಂದು ಭಾಗವನ್ನೂ ಮೀರುತ್ತದೆ. ಇದು 25 ಡಿಗ್ರಿ ಉಷ್ಣತೆಯ ಲೆಕ್ಕ. ರಾಶಿಯ ಒಳಗೆ 60 ಡಿಗ್ರಿಯಷ್ಟು ಕಾವು ಇರುವುದರಿಂದ ಅಲ್ಲಿ ನಷ್ಟ ಇನ್ನೂ ಹೆಚ್ಚು. ಸುಣ್ಣವನ್ನು ಮಣ್ಣಿಗೆ ಪ್ರತ್ಯೇಕವಾಗಿ ಕೊಟ್ಟು, ಕಾಂಪೋಸ್ಟ್ ಕೊಡುವ ಮೊದಲು ಕೆಲವು ವಾರ ಬಿಡಿ. ಇದೇ ಕಾರಣಕ್ಕೆ ಬೂದಿ ತುಂಬಿದ ಇದ್ದಿಲನ್ನೂ ಬಿಸಿ ರಾಶಿಗೆ ನೇರವಾಗಿ ಹಾಕಬಾರದು. ಹೊಂಡದಲ್ಲಿ ನೀರು ಹೊಯ್ದು ಆರಿಸಿದ ಮೇಲೆ ಆ ಬೂದಿನೀರನ್ನು ಬಸಿದು, ಹುಳಿ ಮಣ್ಣಿರುವ ಕಡೆಗೆ ಹರಿಸಿಬಿಡಿ. ಅದರಲ್ಲಿ ಪೊಟ್ಯಾಸಿಯಂ ಇದೆ, ವ್ಯರ್ಥವಾಗುವುದಿಲ್ಲ. ಇದ್ದಿಲಿನಿಂದ ಮಣ್ಣಿನ ರಸಸಾರ ಸ್ವಲ್ಪ ಏರುವುದನ್ನೂ ಗಮನದಲ್ಲಿಟ್ಟುಕೊಂಡು ಸುಣ್ಣದ ಪ್ರಮಾಣ ತೀರ್ಮಾನಿಸಬೇಕು.

ಭತ್ತದ ಹೊಟ್ಟಿನ ವಿಷಯದಲ್ಲಿ ಬಣ್ಣ ನೋಡಿ. ಬೂದು ಅಥವಾ ಬಿಳಿಯಾಗಿದ್ದರೆ ಅದು ಬೂದಿ, ಬಹುಪಾಲು ಸಿಲಿಕಾ. ಅದರಿಂದ ಸಾರಜನಕ ಉಳಿಯುವುದಿಲ್ಲ. ಕಪ್ಪಾಗಿ, ಹೊಟ್ಟಿನ ಆಕಾರ ಹಾಗೆಯೇ ಇದ್ದರೆ ರಾಶಿಗೆ ಸೇರಿಸಬಹುದು. ಹಿಡಿದುಕೊಳ್ಳುವ ಶಕ್ತಿ ಮರದ ಇದ್ದಿಲಿಗಿಂತ ಕಡಿಮೆ ಇದ್ದರೂ ಹಸಿ ಸಿಪ್ಪೆಯ ನಡುವೆ ಗಾಳಿಯಾಡಲು ಅದು ಚೆನ್ನಾಗಿ ನೆರವಾಗುತ್ತದೆ.

ಗದ್ದೆಯ ಅಂಚಿನಲ್ಲಿ, ತಗ್ಗಿನಲ್ಲಿ ತೋಟವಿರುವವರು ಒಂದು ವಿಷಯ ತಿಳಿದಿರಬೇಕು. ಮಳೆಗಾಲದಲ್ಲಿ ನೀರು ನಿಂತು ಮಣ್ಣಿನಲ್ಲಿ ಆಮ್ಲಜನಕ ಇಲ್ಲವಾದಾಗ ನೈಟ್ರೇಟ್ ಒಡೆದು ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ತಾಪಕಾರಿಯಾದ ಅನಿಲ ಅದು. ಬಯೋಚಾರ್ ಹಾಕಿದ ಮಣ್ಣಿನಲ್ಲಿ ಅನೇಕ ಕಡೆ ಇದು ಕಡಿಮೆಯಾದದ್ದು ದಾಖಲಾಗಿದೆ. ರಸಸಾರ ಏರಿದಾಗ ನೈಟ್ರಸ್ ಆಕ್ಸೈಡ್ ಅನ್ನು ನಿರಪಾಯಕಾರಿ ಸಾರಜನಕ ಅನಿಲವಾಗಿಸುವ ಕ್ರಿಯೆ ಸಲೀಸಾಗುವುದು ಅದಕ್ಕೆ ಒಂದು ಕಾರಣ. ವಾತಾವರಣಕ್ಕೆ ಇದು ಒಳ್ಳೆಯದು, ಆದರೆ ಗಿಡದ ಪಾಲಿಗೆ ಎರಡೂ ನಷ್ಟವೇ. ತಗ್ಗಿನ ತೋಟಕ್ಕೆ ಚರಂಡಿ ಬಿಡಿಸುವುದರ ಬದಲಿಗೆ ಇದ್ದಿಲು ಹಾಕುತ್ತೇನೆ ಎಂದರೆ ಪ್ರಯೋಜನವಿಲ್ಲ.

ಮಣ್ಣು ಪರೀಕ್ಷೆಯ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ನಮ್ಮಲ್ಲಿ ಅನೇಕ ಪರೀಕ್ಷಾ ವರದಿಗಳಲ್ಲಿ ಸಾರಜನಕವನ್ನು ನೇರವಾಗಿ ಅಳೆಯದೆ, ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಸಾರಜನಕ ಕಡಿಮೆ, ಶೇ. 0.75ಕ್ಕಿಂತ ಹೆಚ್ಚಿದ್ದರೆ ಸಾರಜನಕ ಹೆಚ್ಚು ಎಂದು ಅಂದಾಜಿಸುತ್ತಾರೆ. ಇದ್ದಿಲಿನ ಇಂಗಾಲದ ಒಂದು ಭಾಗವೂ ಆ ಪರೀಕ್ಷೆಯಲ್ಲಿ ಸಾವಯವ ಇಂಗಾಲವೆಂದೇ ಲೆಕ್ಕಕ್ಕೆ ಬರುವುದರಿಂದ, ಸಾರಜನಕ ಕಿಂಚಿತ್ತೂ ಹೆಚ್ಚದೆ ವರದಿಯಲ್ಲಿ ಮಾತ್ರ ಹೆಚ್ಚು ಎಂದು ಬರಬಹುದು. ಅದನ್ನು ನಂಬಿ ಗೊಬ್ಬರ ಕಡಿಮೆ ಮಾಡಿದರೆ ಗಿಡ ಸೊರಗುತ್ತದೆ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸುವಾಗ, ಇದ್ದಿಲು ಹಾಕಿದ ಮಣ್ಣು ಎಂದು ಮೊದಲೇ ತಿಳಿಸಿ, ಅಮೋನಿಯಂ ಮತ್ತು ನೈಟ್ರೇಟ್ ಎರಡನ್ನೂ ಪ್ರತ್ಯೇಕವಾಗಿ ಅಳೆಯುವ ಸೌಲಭ್ಯವಿದೆಯೇ ಎಂದು ಕೇಳಿ.

ಮಾದರಿ ತೆಗೆಯುವಾಗ ಎರಡೂ ಭಾಗಗಳಿಂದ, ಮೇಲಿನ 15 ಸೆಂ.ಮೀ. ಮತ್ತು ಅದರ ಕೆಳಗಿನ 15ರಿಂದ 45 ಸೆಂ.ಮೀ. ಮಣ್ಣನ್ನು ಬೇರೆಬೇರೆಯಾಗಿ ತೆಗೆಯಿರಿ. ಒಮ್ಮೆ ಮಳೆ ಹಿಡಿಯುವ ಮೊದಲು, ಇನ್ನೊಮ್ಮೆ ಅಕ್ಟೋಬರ್‌ನಲ್ಲಿ. ಮಳೆ ಕಳೆದ ಮೇಲೂ ಇದ್ದಿಲಿನ ಭಾಗದಲ್ಲಿ ಮೇಲ್ಪದರದ ಸಾರಜನಕ ಪಕ್ಕದ ಭಾಗಕ್ಕಿಂತ ಹೆಚ್ಚಾಗಿದ್ದು ಎಲೆಯೂ ಹಸಿರಾಗಿದ್ದರೆ ಇದ್ದಿಲು ಕೆಲಸ ಮಾಡಿದೆ ಎಂದು ತಿಳಿಯಬಹುದು. ಮೇಲ್ಪದರದಲ್ಲಿ ಎರಡೂ ಕಡೆ ಸಮನಾಗಿದ್ದು ಕೆಳಪದರದಲ್ಲಿ ನೈಟ್ರೇಟ್ ಇದ್ದರೆ ಅದು ಇಳಿದುಹೋಗುತ್ತಿದೆ ಎಂದರ್ಥ. ಹಸಿ ಮಣ್ಣನ್ನು ಚೀಲದಲ್ಲಿ ಕಟ್ಟಿ ಮನೆಯಲ್ಲಿಟ್ಟರೆ ಅದರೊಳಗೇ ಸಾರಜನಕ ಬಿಡುಗಡೆಯಾಗುತ್ತಾ ಹೋಗಿ ಅಂಕಿಗಳು ತಪ್ಪುತ್ತವೆ, ಆದ್ದರಿಂದ ತೆಗೆದ ದಿನವೇ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸಿ.